ಒಳಗೂ ಕೆಂಪಗಿರುವ ಬಾಳೆಹಣ್ಣು

ಬೇರೆಯವರಿಗೆ ವರ್ಷಕ್ಕೊಮ್ಮೆ ಆಗುವಂಥ ಫಜೀತಿ ನನ್ನ ಕೆಲಸದಲ್ಲಿ ವಾರಕ್ಕೊಮ್ಮೆ ಆಗುತ್ತದೆ. ಯಾಕೆಂದರೆ ನಾನಿರುವುದು ಮಂದಿ ಬಾಯಿ ತೆರೆದು ಕೂಡುವ ಜಾಗದಲ್ಲಿ. ಬಾಯಿ ತೆರೆದ ಮೇಲೆ ಒಳಗೆ ಹಲ್ಲಷ್ಟೇ ಇರುವುದಿಲ್ಲ.

ಕಲಬುರಗಿಯಲ್ಲಿ, ದರ್ಗಾ ಇರುವ ರೋಜಾ ಓಣಿಯ ಕಡೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಹಲ್ಲಿನ ದವಾಖಾನೆ ಇದೆ. ಬೋರ್ಡಿನ ಮೇಲೆ ಮೇಡಂ ಹೆಸರಿದೆ, ಆದರೆ ನಾನಿಲ್ಲದೆ ಅಲ್ಲಿ ಒಂದು ಹಲ್ಲೂ ಅಲುಗಾಡುವುದಿಲ್ಲ. ಮೇಡಂ ಕೈ ಚಾಚುವುದರೊಳಗೆ ಸಾಮಾನು ಅವರ ಕೈಯಲ್ಲಿರುತ್ತದೆ. ಅವರು ಮೈಸೂರು ಕಡೆಯವರು, ವಸಡಿನ ಡಾಕ್ಟರು. ಹಲ್ಲಿಗೆ ಡಾಕ್ಟರು ಇರುವುದು ಎಲ್ಲರಿಗೂ ಗೊತ್ತು. ಹಲ್ಲು ನಟ್ಟ ವಸಡಿಗೇ ಅಂತ ಒಬ್ಬ ಡಾಕ್ಟರು ಇರುತ್ತಾರೆ ಅನ್ನುವುದು ನನಗೂ ಕೆಲಸಕ್ಕೆ ಸೇರಿದ ಮೇಲೆಯೇ ಗೊತ್ತಾದದ್ದು.

ನಾನು ಕಮಲಾಪುರದವ. ದಿನಾ ಬಸ್ಸಿಗೆ ಬಂದು ಹೋಗುತ್ತೇನೆ. ಸೀಟು ಖಾಲಿ ಇದ್ದರೂ ಬಾಗಿಲ ಹತ್ತಿರ ನಿಂತೇ ಬರುತ್ತೇನೆ, ಒಂದು ಕಡೆ ಕೂಡುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಇನ್ನು ಹಲ್ಲಿನ ಮಾತು ಬಂತೆಂದರೆ ನಮ್ಮ ಊರಲ್ಲಿ ಯಾರನ್ನಾದರೂ ಕೇಳಿ. ಸೋಡಾ ಬಾಟಲಿಯ ಮುಚ್ಚಳ ಹಲ್ಲಿನಿಂದ ತೆಗೆದವ ನಾನು. ಖಡಕ್ ರೊಟ್ಟಿಯನ್ನು ಪಲ್ಯದಲ್ಲಿ ಅದ್ದದೆ ಕಡಿದು ತಿಂದವ ನಾನು. ಇಂಥ ಹಲ್ಲಿನವ ಹಲ್ಲಿನ ದವಾಖಾನೆಯಲ್ಲಿ ಇರುವುದು ದವಾಖಾನೆಯ ಪುಣ್ಯ.

ಒಂದು ದಿನ ಮೇಡಂ ಅಂದರು, "ಕಮಲಾಪುರದಲ್ಲಿ ಸಂತೆ ದಿನ ಒಂದು ಕುರ್ಚಿ ಹಾಕಿ ನೋಡೋಣ್ವಾ? ಜನ ಬಂದ್ರೆ ಪ್ರತಿ ವಾರ ಹೋಗೋಣ, ಅಲ್ಲಿಯದನ್ನೆಲ್ಲ ನೀವೇ ನೋಡ್ಕೊಳ್ಳಿ. ಬರಲಿಲ್ಲ ಅಂದ್ರೆ ಅವತ್ತೇ ಬಿಟ್ಟುಬಿಡೋಣ."

ಊರು ಮುಟ್ಟುವುದರೊಳಗೆ ಬಸ್ಸಿನ ಕಂಡಕ್ಟರನಿಗೆ, ಮನೆ ಮುಟ್ಟುವುದರೊಳಗೆ ಅರ್ಧ ಊರಿಗೆ ಹೇಳಿಬಿಟ್ಟೆ: "ನನ್ನ ದವಾಖಾನಿ ಬರಾಕತ್ತದ." ಮೇಡಂಗೆ ಅದು ಒಂದು ಕುರ್ಚಿ. ನನಗೆ ಊರಲ್ಲಿ ತಲೆ ಎತ್ತಿ ಓಡಾಡುವ ಪ್ರಶ್ನೆ. ಆ ಹೊತ್ತಿನಿಂದ ನನಗೆ ನಿಂತಲ್ಲಿ ನಿಲ್ಲಲು ಆಗಲಿಲ್ಲ.

ಇಟ್ಟಂಗಿ ನಡುವಿನ ಮಾಲು

ಮೊದಲು ಒಬ್ಬ ಗೌಂಡಿಯ ಕಥೆ ಹೇಳಿಬಿಡುತ್ತೇನೆ. ಮನೆ ಕಟ್ಟುವ ಮೇಸ್ತ್ರಿ, ಗಟ್ಟಿ ಆಳು. ವಸಡು ಊದಿ, ಮುಟ್ಟಿದರೆ ರಕ್ತ. ಹಲ್ಲಿನ ಬುಡಕ್ಕೆ ಪಾಚಿ ಕಟ್ಟಿ, ಅದು ಗಟ್ಟಿಯಾಗಿ ಕಲ್ಲೇ ಆಗಿತ್ತು. ಮೇಡಂ ಮಿಷನ್ ಹಿಡಿದು ಎಲ್ಲ ತೆಗೆದರು. ಮನುಷ್ಯ ಕನ್ನಡಿ ನೋಡಿಕೊಂಡು ಖುಷಿಯಿಂದ ಹೋದ.

ಮರುದಿನ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದ.

"ನನ್ನ ಮಾಲು ವಾಪಸ್ ಕೊಡ್ರಿ," ಅಂದ.

"ಯಾವ ಮಾಲು?" ಅಂದೆ.

"ಹಲ್ಲಿನ ನಡುವಿಂದು. ನಿನ್ನಿ ತನಕಾ ಗ್ವಾಡಿ ಗಟ್ಟಿ ಇತ್ತು. ಈಗ ನಾಲಿಗಿ ಆಡಿಸಿದರ ಎಲ್ಲಾ ಕಡಿ ಸಂದು. ಉಸಿರು ತಗೊಂಡರ ಗಾಳಿ ಹೊಗತದ. ಎರಡು ಇಟ್ಟಂಗಿ ನಡುವಿನ ಮಾಲು ಕೆದರಿ ತೆಗದರ ಗ್ವಾಡಿ ನಿಲ್ಲತದೇನು?"

ಈ ಪ್ರಶ್ನೆಗೆ ಉತ್ತರ ನಾನೇ ಕೊಡಬಹುದಿತ್ತು. ಕೊಟ್ಟೆ ಕೂಡ. ಕೊಟ್ಟ ಮೇಲೆ ಅವನ ದನಿ ಇನ್ನೂ ಏರಿತು. ಅಷ್ಟರಲ್ಲಿ ಮೇಡಂ ಬಂದರು. ಅವರು ಸಿಟ್ಟಾಗಲಿಲ್ಲ.

"ಗೋಡೆ ಬುಡಕ್ಕೆ ಕಸ ತುಂಬಿ, ಪಾಯದ ಮಣ್ಣು ಸವೀತಾ ಬಂದ್ರೆ ನೀವೇನು ಮಾಡ್ತೀರಿ?"

"ಕಸಾ ತೆಗೀತೀನ್ರಿ."

"ತೆಗೆದ ಮೇಲೆ ಸಂದು ಕಾಣಿಸಲ್ವಾ?"

"ಕಾಣಸ್ತದ್ರಿ."

"ಆ ಸಂದು ನೀವು ಮಾಡಿದ್ದಾ, ಕಸ ಮಾಡಿದ್ದಾ?"

ಗೌಂಡಿ ತಲೆ ಕೆರೆದುಕೊಂಡ. "ಕಸಾ ಮಾಡಿದ್ದು," ಅಂದ. ಮೇಡಂ ಮುಂದೆ ತಿಳಿಸಿ ಹೇಳಿದರು. ಆ ಕಲ್ಲು ಹಲ್ಲನ್ನು ಹಿಡಿದಿರುವುದಿಲ್ಲ, ಹಲ್ಲನ್ನು ಹಿಡಿದ ಎಲುಬನ್ನು ಸವೆಸುತ್ತಿರುತ್ತದೆ. ಊದಿದ ವಸಡು ಈಗ ಇಳಿಯುತ್ತದೆ, ಅದಕ್ಕೇ ಸಂದು ಕಾಣುತ್ತದೆ. ದಿನಾ ಎರಡು ಹೊತ್ತು ಮೆತ್ತಗಿನ ಬ್ರಷ್ಷಿನಿಂದ ಉಜ್ಜಿದರೆ ವಸಡು ಗಟ್ಟಿಯಾಗಿ ಹಿಡಿಯುತ್ತದೆ.

ಗೌಂಡಿ ಎಲ್ಲ ಕೇಳಿ ಗೋಣು ಹಾಕಿದ. ಗೆದ್ದೆವು ಅಂದುಕೊಂಡೆ. ಬಾಗಿಲ ತನಕ ಹೋಗಿ ತಿರುಗಿ ನಿಂತ.

"ಎಲ್ಲಾ ಖರೆ ಅದ್ರಿ ಮೇಡಂ. ಆದರ ಕಸಾ ತೆಗದ ಮ್ಯಾಲ ನಾ ಸಂದಿಗೆ ಮಾಲು ತುಂಬಿ ಕೊಡ್ತೀನಿ. ನೀವು ಅರ್ಧಾ ಕೆಲಸ ಬಿಟ್ಟೀರಿ. ನಿಮ್ಮ ಹಂತ್ಯಾಕ ಆಳು ಇಲ್ಲದಿದ್ದರ ಹೇಳ್ರಿ, ಮಾಲು ಮೆತ್ತೋ ನನ್ನ ಥಾಪಿ ನಾನೇ ತರ್ತೀನಿ."

ಅತ್ತರಿನ ಚಾಚಾ

ರೋಜಾದಲ್ಲಿ ಅತ್ತರು ಮಾರುವ ಒಬ್ಬ ಚಾಚಾ ಇದ್ದಾರೆ. ಅವರ ತಕರಾರು ಬಾಯಿಯದಾಗಿರಲಿಲ್ಲ, ವ್ಯಾಪಾರದ್ದಾಗಿತ್ತು. ಗಿರಾಕಿಯ ಕೈ ಮೇಲೆ ಅತ್ತರು ಹಚ್ಚಿ, ಬಾಗಿ, ಅದರ ಗುಣ ಹೇಳಲು ಶುರು ಮಾಡಿದರೆ ಸಾಕು, ಗಿರಾಕಿ ಹಿಂದೆ ಸರಿಯುತ್ತಿದ್ದ. ಗುಲಾಬಿ ಹಚ್ಚಿದರೂ ಅಷ್ಟೆ, ಮಲ್ಲಿಗೆ ಹಚ್ಚಿದರೂ ಅಷ್ಟೆ. ಮಾಲು ಕೆಟ್ಟಿದೆ ಅಂದುಕೊಂಡು ಚಾಚಾ ಮಾಲು ಕಳಿಸುವವನನ್ನೇ ಬದಲಿಸಿದರು. ಗಿರಾಕಿ ಮತ್ತಷ್ಟು ದೂರ ಸರಿದ.

ಕೊನೆಗೆ ಅವರ ಬೇಗಂ ಕೈ ಹಿಡಿದು ಕರೆತಂದರು. ಚಾಚಾ ಕುರ್ಚಿಯ ಮೇಲೆ ಕೂತು, "ನನಗ ಏನೂ ಇಲ್ರಿ, ಒಂದು ಹಲ್ಲೂ ನೋಯಂಗಿಲ್ಲ, ದಿನಾ ದುಕಾನ್ ನಡಸ್ತೀನಿ," ಅಂದರು.

ಬೇಗಂ ತಣ್ಣಗೆ ಅಂದರು, "ಡಾಕ್ಟರ್ ಸಾಬ್, ದುಕಾನ್‌ದಾಗ ಅತ್ತರ್ ಇರ್ತದ. ಮನ್ಯಾಗ ಬರೀ ಇವರೇ ಇರ್ತಾರ್ರಿ."

ಮೇಡಂ ಸಣ್ಣ ಕಡ್ಡಿಯಂಥ ಸಾಮಾನಿನಿಂದ ವಸಡಿನ ಅಂಚು ಅಳೆದು ನೋಡಿದರು. ವಸಡಿಗೂ ಹಲ್ಲಿಗೂ ನಡುವೆ ಜೇಬಿನ ಹಾಗೆ ಜಾಗ ಬಿಟ್ಟು ಕೀವು ತುಂಬಿತ್ತು. ಈ ರೋಗದ ಕಪಟವೇ ಇದು. ಹಲ್ಲು ನೊಂದರೆ ಮನುಷ್ಯ ಓಡಿ ಬರುತ್ತಾನೆ. ವಸಡು ನೋಯುವುದೇ ಇಲ್ಲ, ರೋಗ ಸುಮ್ಮನೆ ಒಳಗೆ ತಿನ್ನುತ್ತಿರುತ್ತದೆ. ಸಕ್ಕರೆ ರೋಗ ಇದ್ದರೆ ಇನ್ನೂ ಜೋರು. ಚಾಚಾಗೆ ಅದೂ ಇದ್ದದ್ದು ಆಮೇಲೆ ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು. ಜೇಬಿನ ಆಳದ ತನಕ ಸ್ವಚ್ಛ ಮಾಡಲು ನಾಲ್ಕಾರು ಸಲ ಕರೆಸಬೇಕಾಯಿತು.

ವಾಸಿಯಾದ ಮೇಲೆ ಒಂದು ಸಂಜೆ ಚಾಚಾ ಬಂದರು, ಕೈಯಲ್ಲಿ ಅತ್ತರಿನ ಸಣ್ಣ ಶೀಶಿ. "ಬೇಟಾ, ಈಗ ಗಿರಾಕಿ ಹಿಂದ ಸರಿಯಂಗಿಲ್ಲ. ನೀನೂ ಭಾಳ ಮಾಡಿದಿ. ತಗೋ."

ನಾನು ಬಾಗಿ, ಕೈ ಚಾಚಿ, ನಾನು ಏನೇನು ಮಾಡಿದೆ ಅನ್ನುವುದನ್ನು ವಿವರವಾಗಿ ಹೇಳಲು ಶುರು ಮಾಡಿದೆ. ಚಾಚಾ ಹಿಂದೆ ಸರಿದರು. ನಾನು ಇನ್ನೂ ಬಾಗಿದೆ. ಅವರು ಇನ್ನೂ ಸರಿದರು. ಆಮೇಲೆ ಶೀಶಿಯನ್ನು ತಿರುಗಿ ತಮ್ಮ ಜೇಬಿಗೇ ಹಾಕಿಕೊಂಡರು.

"ಗಿರಾಕಿಗೆ ಏನಾಗ್ತಿತ್ತು ಅಂತ ನನಗ ಇವತ್ತು ಗೊತ್ತಾತು ಬೇಟಾ. ನಿನಗ ಶೀಶಿ ಬ್ಯಾಡ. ನೀ ಕುರ್ಚಿ ಮ್ಯಾಲ ಕೂಡು."

ಅತ್ತರು ಮಾರುವವರ ಮೂಗು ಬಹಳ ನಾಜೂಕು. ನಾನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ನಮ್ಮ ಮಣ್ಣು ಬ್ಯಾರೆ

ಮಧ್ಯಾಹ್ನ ರೊಟ್ಟಿ ತಿಂದ ಮೇಲೆ ನನಗೆ ನಮ್ಮ ಊರಿನ ಕೆಂಪು ಬಾಳೆಹಣ್ಣು ಬೇಕು. ನಿಂತೇ ತಿನ್ನುತ್ತೇನೆ, ಆ ಬಾಗಿಲಿಂದ ಈ ಬಾಗಿಲಿಗೆ ಓಡಾಡುತ್ತ. ಒಂದು ದಿನ ಹೀಗೆ ಓಡಾಡುವಾಗ ಮೇಡಂ ಎದುರಾದರು. ಅವರ ಕಣ್ಣು ನನ್ನ ಕೈಯಲ್ಲಿದ್ದ ಅರ್ಧ ಹಣ್ಣಿನ ಮೇಲೆ ಬಿತ್ತು. ಕಚ್ಚಿದ ಜಾಗದಲ್ಲಿ ಕೆಂಪು ಗೆರೆ.

"ಅದೇನು ಕೆಂಪಗೆ?"

ನನಗೆ ಗೊತ್ತಿತ್ತು, ಅದೇನು ದೊಡ್ಡದಲ್ಲ. ಮುಂದಿನ ಕೆಳ ಹಲ್ಲಿನ ಹತ್ತಿರ ಆಗಾಗ ಚೂರು ರಕ್ತ ಕಾಣಿಸುತ್ತಿತ್ತು. ಬ್ರಷ್ ಮುಟ್ಟಿಸಿದರೆ ಜಾಸ್ತಿ ಆಗುತ್ತಿತ್ತು, ಅದಕ್ಕೆ ಆ ಜಾಗಕ್ಕೆ ಬ್ರಷ್ ಒಯ್ಯುವುದನ್ನೇ ಬಿಟ್ಟಿದ್ದೆ. ಬಂದ ಪ್ರತಿಯೊಬ್ಬರಿಗೂ, "ರಕ್ತ ಬರೋ ಕಡೀಗೇ ಮೆತ್ತಗ ಉಜ್ಜಬೇಕ್ರಿ, ಬಿಡಬಾರದು," ಅಂತ ಹೇಳುವವ ನಾನೇ. ಆದರೆ ಅದು ರೋಗಿಗಳಿಗೆ ಹೇಳುವ ಮಾತು.

"ಮೇಡಂ, ಇದು ಕಮಲಾಪುರದ ಕೆಂಪು ಬಾಳಿ," ಅಂದೆ. "ಒಳಗೂ ಕೆಂಪಗ ಇರತದ."

"ಇಲ್ವಲ್ಲ. ನಮ್ಮ ಕಡೆ ಚಂದ್ರಬಾಳೆ ಅಂತ ಇದೆ. ಸಿಪ್ಪೆ ಕೆಂಪು, ಒಳಗೆ ಬಿಳಿ."

"ಅದು ನಿಮ್ಮ ಕಡೀದು ಮೇಡಂ. ನಮ್ಮ ಮಣ್ಣು ಬ್ಯಾರೆ."

ನನ್ನ ದನಿಯಲ್ಲಿ ಎಷ್ಟು ಜೋರಿತ್ತೆಂದರೆ ಮೇಡಂ ನಂಬಿಬಿಟ್ಟರು. ಸಂಜೆ ಫೋನಿನಲ್ಲಿ ತಮ್ಮ ತಾಯಿಗೆ ಹೇಳುತ್ತಿದ್ದರು, "ಇಲ್ಲಿ ಒಂದು ಬಾಳೆಹಣ್ಣು ಇದೆಯಂತೆ ಅಮ್ಮಾ, ಒಳಗೂ ಕೆಂಪಂತೆ. ಮಣ್ಣಿನ ಗುಣ ಅಂತೆ. ಬರುವಾಗ ತರ್ತೀನಿ."

ಆಯಿಯ ಡಬ್ಬಿ

ಸಂತೆಯ ಕುರ್ಚಿಗೆ ಮಂದಿ ಬರಬೇಕಾದರೆ ಊರವರ ಬಾಯಿಂದಲೇ ಒಳ್ಳೆಯ ಮಾತು ಬರಬೇಕು. ನಮ್ಮ ಊರಲ್ಲಿ ನನ್ನ ಅಜ್ಜಿಯಷ್ಟು ಮಾತಾಡುವವರು ಇನ್ನೊಬ್ಬರಿಲ್ಲ. ನಾವು ಆಯಿ ಅನ್ನುತ್ತೇವೆ. ಆಕೆಯನ್ನೇ ಮೊದಲು ಕಲಬುರಗಿಗೆ ಕರೆದೊಯ್ದು ತೋರಿಸಿದರೆ ಮುಂದಿನ ಪ್ರಚಾರ ತಾನೇ ಆಗುತ್ತದೆ. ಇಂಥ ಉಪಾಯ ನನಗೇ ಹೊಳೆಯಬೇಕು.

ಆಯಿ ಬೆಳಗೆದ್ದು ಮಶೇರಿ ತಿಕ್ಕುವಾಕೆ. ಮಶೇರಿ ಅಂದರೆ ಹುರಿದ ತಂಬಾಕಿನ ಪುಡಿ. ಸೊಂಟದಲ್ಲಿ ಅದರ ಡಬ್ಬಿ ಸದಾ ಇರುತ್ತದೆ. ಕುರ್ಚಿಯ ಮೇಲೆ ಕೂತವಳೇ ಮೇಡಂಗೆ ಅಂದಳು, "ನೋಡ್ರಿ ಯವ್ವಾ, ಈ ವಯಸ್ಸಿನ್ಯಾಗೂ ನನ್ನ ವಸಡಿನ್ಯಾಗ ಒಂದು ಹನಿ ರಗತ ಬರಂಗಿಲ್ಲ. ಮಶೇರಿ ಪುಣ್ಯ."

"ಅದು ಪುಣ್ಯ ಅಲ್ಲ ಅಜ್ಜಿ," ಅಂದರು ಮೇಡಂ. "ತಂಬಾಕು ರಕ್ತವನ್ನ ಹೊರಗೆ ಕಾಣಿಸಕ್ಕೆ ಬಿಡಲ್ಲ. ಒಳಗೆ ರೋಗ ಬೆಳೀತಾನೇ ಇರುತ್ತೆ. ಮನೇಲಿ ಬೆಂಕಿ ಬಿದ್ದಾಗ ಹೊಗೆಗೆ ಕಿಟಕಿ ಮುಚ್ಚಿದ ಹಾಗೆ."

ಕಲ್ಲು ತೆಗೆದರು. ಮಶೇರಿ ಬಿಡಿಸಿದರು. ಮೆತ್ತಗಿನ ಬ್ರಷ್ ಕೊಟ್ಟರು. "ಬಿಟ್ಟ ಮೇಲೆ ಸ್ವಲ್ಪ ದಿನ ರಕ್ತ ಕಾಣಿಸಬಹುದು, ಹೆದರಬೇಡಿ, ಉಜ್ಜೋದು ನಿಲ್ಲಿಸಬೇಡಿ," ಅಂತ ಎರಡೆರಡು ಸಲ ಹೇಳಿದರು. ನಾನೂ ಹೇಳಿದೆ. ಆಯಿ ಕೇಳಿದಳು. ಆದರೆ ಊರಿಗೆ ಹೋದ ಮೇಲೆ ಹೇಳಿದ್ದು ಅರ್ಧ ಕಥೆ.

ವಾರದೊಳಗೆ ರಕ್ತ ಕಾಣಿಸಿತು. ಆಯಿ ಕಟ್ಟೆಯ ಮೇಲೆ ಕೂತು ಉಗುಳಿ, ಹಾದು ಹೋಗುವವರನ್ನೆಲ್ಲ ಕರೆದು ತೋರಿಸಿದಳು. "ಬಾ ಇಲ್ಲಿ. ಹುಟ್ಟಿದಾಗಿಂದ ಬರದ ರಗತ. ನನ್ನ ಮೊಮ್ಮಗನ ದವಾಖಾನಿ ಅಂದರ ಇದೇ ನೋಡು."

ನಾನು ಬಸ್ಸಿನಿಂದ ಇಳಿದರೆ ಸಾಕು, ಮಂದಿ ಕೈಯಿಂದ ಬಾಯಿ ಮುಚ್ಚಿಕೊಂಡು ಮಾತಾಡಿಸುತ್ತಿದ್ದರು. ಗೆಳೆಯನೊಬ್ಬ ಕೈ ಅಡ್ಡ ಹಿಡಿದೇ ಕೇಳಿದ, "ದೋಸ್ತ, ಆರಾಮ ಇದ್ದವರಿಗೂ ರಗತ ತರಸ್ತೀರಂತಲ್ಲ. ಖರೇನು?"

ಸಂತೆ

ಕೆಲವು ವಾರ ಕಳೆದು, ನಾವು ಗೊತ್ತು ಮಾಡಿದ್ದ ಸಂತೆಯ ದಿನ ಬಂತು. ಬಸ್‌ಸ್ಟ್ಯಾಂಡ್ ಹತ್ತಿರ ಗೊಬ್ಬರದ ಅಂಗಡಿಯ ಪಕ್ಕ ಒಂದು ಖಾಲಿ ಮಳಿಗೆ ಹಿಡಿದಿದ್ದೆವು. ಕುರ್ಚಿ ಹಾಕಿದೆ, ಒರೆಸಿದೆ, ಮತ್ತೆ ಒರೆಸಿದೆ. ಹೊರಗೆ ಹೋದೆ, ಒಳಗೆ ಬಂದೆ, ಮತ್ತೆ ಹೊರಗೆ ಹೋದೆ. ಮೇಡಂ, "ಒಂದು ಕಡೆ ನಿಂತ್ಕೊಳ್ಳಿ, ನನಗೇ ತಲೆ ತಿರುಗ್ತಿದೆ," ಅಂದರು.

ಮಂದಿ ಬಂದರು. ಬಾಗಿಲ ತನಕ ಬಂದರು.

"ಹಲ್ಲು ಕೀಳ್ತೀರೇನ್ರಿ?"

"ಇಲ್ರಿ, ವಸಡು ನೋಡ್ತೀವಿ."

"ವಸಡಿಗೆ ಏನಾಗ್ಯಾದ? ನೋವೇ ಇಲ್ಲ."

ಹೋದರು. ಮತ್ತೊಬ್ಬರು ಇಣುಕಿ, "ಆ ಆಯಿಗೆ ರಗತ ಬರಿಸಿದ್ದು ಇದೇ ಕುರ್ಚಿ ಏನು?" ಅಂತ ಕೇಳಿ ಹೋದರು. ಬಿಸಿಲು ಏರಿತು. ಕುರ್ಚಿಯ ಮೇಲೆ ನೊಣ ಬಿಟ್ಟರೆ ಯಾರೂ ಕೂಡಲಿಲ್ಲ. ನಾನು ಬಾಗಿಲಲ್ಲಿ ನಿಂತು, "ಬರ್ರಿ, ನನ್ನ ಹಲ್ಲು ನೋಡ್ರಿ, ಇಂಥವು ಮಾಡಿ ಕೊಡ್ತೀವಿ," ಅಂತ ಕೂಗಿ ಗಂಟಲು ಒಣಗಿತು.

ಮೇಡಂ ಚೀಲ ತೆಗೆದುಕೊಂಡರು. "ಬೇಜಾರು ಮಾಡ್ಕೋಬೇಡಿ. ಮಧ್ಯಾಹ್ನದ ಬಸ್ಸಿಗೆ ಹೊರಟುಬಿಡೋಣ. ಮಳಿಗೆ ಬೇಡ ಅಂತ ಹೇಳಿಬಿಡಿ."

ಅವರು ಮೆಟ್ಟಿಲಿಳಿದು, ಮಳಿಗೆಯ ಮುಂದೆಯೇ ಬಾಳೆಗೊನೆ ಇಟ್ಟುಕೊಂಡು ಕೂತಿದ್ದ ಕಾಕಾನ ಹತ್ತಿರ ನಿಂತರು. ಈ ಕಾಕಾ ತೋಟದವರು, ತಮ್ಮ ತೋಟದ ಹಣ್ಣು ತಾವೇ ಮಾರುವವರು.

"ನಮ್ಮಮ್ಮಂಗೆ ಒಂದು ಚಿಪ್ಪು ಕೊಡಿ," ಅಂತ ಮೇಡಂ ಒಂದು ಹಣ್ಣು ಕಿತ್ತು, ಅಲ್ಲೇ ಸುಲಿದರು.

ನಾನು ಮೆಲ್ಲಗೆ ಗೊಬ್ಬರದ ಅಂಗಡಿಯ ಕಡೆ ಜಾರತೊಡಗಿದೆ.

"ನಿಂತ್ಕೊಳ್ಳಿ," ಅಂದರು ಮೇಡಂ. ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದರು. "ಯಜಮಾನರೇ, ಒಳಗೆ ಕೆಂಪಿರೋದು ಯಾವ ಗೊನೆ?"

"ಒಳಗ ಕೆಂಪು? ಅದು ಯಾವ ಊರಿಂದ್ರಿ?"

"ನಿಮ್ಮೂರಿಂದೇ. ಮಣ್ಣು ಬೇರೆ ಅಂತೆ. ಇವರು ಹೇಳಿದ್ರು."

ಕಾಕಾ ನನ್ನನ್ನು ಕಾಲಿನಿಂದ ತಲೆಯ ತನಕ ನೋಡಿದರು. ಸುತ್ತಲಿದ್ದ ಸಂತೆ ಮಂದಿ ಎರಡು ಹೆಜ್ಜೆ ಹತ್ತಿರ ಬಂದರು. "ಏನಪಾ ತಮ್ಮಾ, ನಿಮ್ಮಪ್ಪ ನಮ್ಮ ತ್ವಾಟದಾಗೇ ಗೊನಿ ಹೊತ್ತಾನ. ನೀ ಇಷ್ಟು ದಿನ ಸಿಪ್ಪಿ ಸುಲೀದೇ ತಿಂದಿಯೇನು?"

ಮಂದಿ ನಕ್ಕರು. ಮೇಡಂ ನಗಲಿಲ್ಲ. ಹೊಸ ಹಣ್ಣು ಸುಲಿದು ನನ್ನ ಮುಂದೆ ಹಿಡಿದರು. "ಕಚ್ಚಿ."

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಕಚ್ಚಿದೆ. ಕೊಟ್ಟೆ. ಬಿಳಿ ಹಣ್ಣಿನ ಮೇಲೆ ನನ್ನ ಹಲ್ಲಿನ ಸಾಲು, ಸಾಲಿನ ಗುಂಟ ಕೆಂಪು ಗೆರೆ, ಬಿಸಿಲಿಗೆ ಹೊಳೆಯುತ್ತ.

ಕಾಕಾ ಬಗ್ಗಿ ನೋಡಿ, "ಖರೆ ಅದ ಮೇಡಂ, ಒಳಗೂ ಕೆಂಪಗಾತು," ಅಂದರು.

"ಸೀಬೆಕಾಯಿ ಕಚ್ಚಿ ರಕ್ತ ಬಂದ್ರೆ ಒಂದು ಮಾತು," ಅಂದರು ಮೇಡಂ. "ಬಾಳೆಹಣ್ಣಿಗೂ ಬಂದ್ರೆ ವಸಡು ಎಷ್ಟು ಊದಿರಬೇಕು? ನೋವಿಲ್ಲ ಅಂತ ಎಲ್ಲರೂ ಹೋದ್ರಲ್ಲ, ಇವರಿಗೂ ನೋವಿಲ್ಲ. ಈಗಲೇ ತೋರಿಸಿದ್ರೆ ಪೂರ್ತಿ ವಾಸಿ ಆಗುತ್ತೆ. ಬಿಟ್ಟರೆ ಈ ಸೋಡಾ ಮುಚ್ಚಳ ತೆಗೆಯೋ ಹಲ್ಲು ತಾನಾಗೇ ಉದುರುತ್ತೆ."

ಆಗ ಮಂದಿಯ ನಗು ನಿಂತಿತು. ನನ್ನ ಹಲ್ಲು ಉದುರುತ್ತದೆ ಅಂದರೆ ಊರಿನ ನೀರಿನ ಟಾಕಿ ಬೀಳುತ್ತದೆ ಅಂದ ಹಾಗೆ. ಅಷ್ಟು ವರ್ಷ ಅಷ್ಟು ಹೇಳಿಟ್ಟಿದ್ದೆ. ಕಾಕಾ ಸುಮ್ಮನೆ ಒಂದು ಹಣ್ಣು ಸುಲಿದು ತಾವೇ ಕಚ್ಚಿದರು. ನೋಡಿಕೊಂಡರು. ಮುಖ ಸಣ್ಣದಾಯಿತು. ಯಾರಿಗೂ ಕಾಣದ ಹಾಗೆ ಆ ಹಣ್ಣನ್ನು ಹಿಂದೆ ಹಿಡಿದುಕೊಂಡು ಕೇಳಿದರು, "ಮೇಡಂ, ತಿಳಿ ಕೆಂಪು ಇದ್ದರ?"

ಅಷ್ಟೇ ಸಾಕಾಯಿತು. ಪಕ್ಕದವನು ಒಂದು ಹಣ್ಣು ಎತ್ತಿದ. ಅವನ ಹೆಂಡತಿ ಒಂದು ಎತ್ತಿದಳು, ತನ್ನದಕ್ಕಿಂತ ಮೊದಲು ಗಂಡನದನ್ನು ನೋಡಿದಳು. ಹಣ್ಣು ಬೆಳ್ಳಗೇ ಉಳಿದವರು ಅದನ್ನು ಎತ್ತಿ ಎತ್ತಿ ತೋರಿಸಿದರು.

ಆಗ ಗುಂಪನ್ನು ಸರಿಸುತ್ತ ನಮ್ಮ ಆಯಿ ಬಂದಳು. ಯಾರೋ ಅವಳ ಕೈಗೂ ಒಂದು ಕೊಟ್ಟರು. ಕಚ್ಚಿದಳು. ಬೆಳ್ಳಗೆ, ಹಾಲಿನ ಹಾಗೆ.

"ಆಯಿ, ಮತ್ತ ಮಶೇರಿ ಹಚ್ಚಾಕತ್ತಿಯೇನು?" ಕಾಕಾ ಕೇಳಿದರು.

"ಇಲ್ಲಪಾ. ಡಬ್ಬಿ ಖಾಲಿ ಮಾಡಿ ಸಾಸಿವಿ ಹಾಕಿ ಇಟ್ಟೀನಿ. ಬ್ರಷ್‌ಲೆ ಉಜ್ಜತೀನಿ. ರಗತ ನಿಂತು ಭಾಳ ದಿನಾ ಆತು."

ನನಗೆ ತಡೆಯಲು ಆಗಲಿಲ್ಲ. "ಅದನ್ನ ಊರಿಗೆ ಹೇಳಬಾರದಿತ್ತೇನು ಆಯಿ?"

"ಯಾರು ಕೇಳಿದ್ರು? ರಗತ ಬಂದಾಗ ಎಲ್ಲಾರೂ ಬಂದು ಕೇಳಿದ್ರು. ನಿಂತಾಗ ಒಬ್ಬರೂ ಬರಲಿಲ್ಲ."

ಸಾಲು ಗೊಬ್ಬರದ ಅಂಗಡಿಯನ್ನು ದಾಟಿತು. ಪ್ರತಿಯೊಬ್ಬರ ಕೈಯಲ್ಲೂ ಕಚ್ಚಿದ ಬಾಳೆಹಣ್ಣು, ಕೋರ್ಟಿಗೆ ಸಾಕ್ಷಿ ತಂದವರ ಹಾಗೆ. ಕಾಕಾನ ಗೊನೆ ಖಾಲಿ. ಮೇಡಂ ಚೀಲ ಕೆಳಗಿಟ್ಟರು. ಮಧ್ಯಾಹ್ನದ ಬಸ್ಸು ಹಾರ್ನ್ ಹೊಡೆದು ಹೋಯಿತು. "ಮುಂದಿನ ವಾರಾನೂ ಬರಬೇಕಾಗುತ್ತೆ," ಅಂದರು ಮೇಡಂ. ಗೆದ್ದದ್ದು ಯಾರು ಅಂತ ನೀವೇ ಹೇಳಿ. ನನ್ನ ವಸಡಿಲ್ಲದಿದ್ದರೆ ಕಮಲಾಪುರಕ್ಕೆ ಆ ಕುರ್ಚಿ ಎಲ್ಲಿತ್ತು?

ಆದರೆ ಮೊದಲು ಕೂಡುವವರು ಯಾರು ಅನ್ನುವಾಗ ಎಲ್ಲರೂ ನನ್ನ ಕಡೆಯೇ ಕೈ ತೋರಿಸಿದರು. ಕೂತೆ. ಬಾಯಿ ತೆರೆದೆ. ಮಿಷನ್ ಒಳಗೆ ಹೋಯಿತು. ಊರೆಲ್ಲ ಬಾಗಿಲಲ್ಲಿ ನಿಂತು ನನ್ನ ಬಾಯೊಳಗೆ ನೋಡುತ್ತಿತ್ತು. ಮೇಡಂ ತೆಗೆದ ಕಲ್ಲನ್ನು ಸಣ್ಣ ತಟ್ಟೆಯಲ್ಲಿ ಹಾಕುತ್ತಿದ್ದರು. ಟಣ್, ಟಣ್. ಆಯಿ ಹತ್ತಿರ ಬಂದು ತಟ್ಟೆಯಲ್ಲಿ ಇಣುಕಿದಳು, ನನ್ನ ಬಾಯಿ ನೋಡಿದಳು, ಮೇಡಂ ಕೈ ಹಿಡಿದಳು.

"ಸಾಕ್ರಿ ಯವ್ವಾ, ಎಲ್ಲಾ ತೆಗೀಬ್ಯಾಡ್ರಿ. ಇಷ್ಟು ಕಲ್ಲು ಹೊತ್ತುಕೊಂಡೇ ಇವನ ಬಾಯಿ ಇಷ್ಟು ಓಡತದ. ಹಗುರ ಮಾಡಿ ಬಿಟ್ಟರ ನಾವು ಊರಾಗ ಹ್ಯಾಂಗ ಇರೋದು?"